ಹುಳಿ ಮರೆತ ಫ್ರೂಟ್ ಸಲಾಡ್: ನಮ್ಮ ಅಡುಗೆಯವರಿಗೊಂದು ಬಹಿರಂಗ ಪತ್ರ

ಯಾದಗಿರಿ, ಶಹಾಪುರ, ಸುರಪುರದ ಲಗ್ನ, ದಾವತ್ತು, ಹಬ್ಬಗಳಿಗೆ ಅಡುಗೆ ಮಾಡಿ ಬಡಿಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ, ಭಾಯಿಗಳಿಗೆ, ಆಪಾಗಳಿಗೆ ಶರಣು, ಸಲಾಮು, ನಮಸ್ಕಾರ.

ನಿಮ್ಮ ಕೈಯ ಅಡುಗೆ ಉಂಡೇ ಬೆಳೆದವಳು ನಾನು. ನಿಮ್ಮ ಹೋಳಿಗೆ, ಮಾದಲಿ, ಬಿರಿಯಾನಿ, ಬಗಾರಾ ಬೈಂಗನ್ ಯಾವುದರ ಬಗ್ಗೆಯೂ ನನಗೆ ಹೇಳುವುದೇನೂ ಇಲ್ಲ. ಅವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಈ ಪತ್ರ ಊಟದ ಕೊನೆಗೆ ಬರುವ ಆ ಬಟ್ಟಲಿನ ಬಗ್ಗೆ, ಅಂದರೆ ಫ್ರೂಟ್ ಸಲಾಡಿನ ಬಗ್ಗೆ.

ನಮ್ಮ ಮೂರೂ ಊರುಗಳಲ್ಲಿ ಒಂದೊಂದು ಮನೆಯ ಊಟಕ್ಕೆ ಒಂದೊಂದು ಗುರುತುಂಟು. ಲಿಂಗಾಯತರ ಲಗ್ನದಲ್ಲಿ ಹೋಳಿಗೆ, ಮುಸ್ಲಿಮರ ದಾವತ್ತಿನಲ್ಲಿ ಖುಬಾನಿ ಕಾ ಮೀಠಾ ಇಲ್ಲವೇ ಡಬಲ್ ಕಾ ಮೀಠಾ, ಕ್ರಿಸ್‌ಮಸ್ಸಿಗೆ ಮೆಥೋಡಿಸ್ಟ್ ಚರ್ಚಿನ ಕುಟುಂಬಗಳಲ್ಲಿ ಕೇಕು. ಫ್ರೂಟ್ ಸಲಾಡ್ ಮಾತ್ರ ಈ ಎಲ್ಲ ಪಂಕ್ತಿಗಳಿಗೂ ಬರುತ್ತದೆ. ಮಾಂಸ ಮುಟ್ಟದವರು, ಸಕ್ಕರೆ ಕಾಯಿಲೆಯೆಂದು ಹೋಳಿಗೆ ಬಿಟ್ಟ ಹಿರಿಯರು, ಹಲ್ಲಿಲ್ಲದ ಅಜ್ಜಿಯರು, ಬಿರಿಯಾನಿ ತಿಂದು ತಣ್ಣನೆಯದೇನಾದರೂ ಬೇಕೆನ್ನುವ ಹುಡುಗರು, ಎಲ್ಲರೂ ಇದಕ್ಕೆ ಕೈ ಚಾಚುತ್ತಾರೆ. ಎಲ್ಲರದೂ ಆದ ತಿನಿಸು ಇದು. ಆದ್ದರಿಂದಲೇ ಇದನ್ನು ಎಲ್ಲಕ್ಕಿಂತ ಜಾಗ್ರತೆಯಿಂದ ಮಾಡಬೇಕು. ಆಗುತ್ತಿರುವುದು ಅದಕ್ಕೆ ತಿರುಗಾಮುರುಗಾ. ಕಸ್ಟರ್ಡ್ ಪುಡಿ ಕದಡಿ, ಬಾಳಿಹಣ್ಣು, ಸೇಬು ಹೆಚ್ಚಿ ಹಾಕಿ, ಡಬ್ಬಿಯ ಹಣ್ಣು ಸುರಿದು, ಮೇಲೆ ಕೆಂಪು ಚೆರ್ರಿ ಇಟ್ಟರೆ ಕೆಲಸ ಮುಗಿಯಿತು. ಸಿಹಿಯ ಮೇಲೆ ಸಿಹಿ. ಎರಡು ಚಮಚ ತಿನ್ನುವಷ್ಟರಲ್ಲಿ ನಾಲಿಗೆ ದಣಿಯುತ್ತದೆ.

ಇತ್ತೀಚೆಗೆ ಕ್ರ್ಯಾನ್‌ಬೆರಿ ಎಂಬ ಹಣ್ಣೂ ನಮ್ಮ ಬಟ್ಟಲಿಗೆ ಇಳಿಯುತ್ತಿದೆ. ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಪೊಟ್ಟಣ ತರುತ್ತಾರೆ, ಹೈದರಾಬಾದು, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಒಣದ್ರಾಕ್ಷಿಯ ಪಕ್ಕಕ್ಕೇ ಸಿಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದೊಂದಿಗಿನ ವ್ಯಾಪಾರದ ತಕರಾರೊಂದನ್ನು ಬಗೆಹರಿಸಿಕೊಳ್ಳುವಾಗ ಭಾರತವು ಈ ಹಣ್ಣಿನ ಮೇಲಿನ ಆಮದು ಸುಂಕ ಇಳಿಸಲು ಒಪ್ಪಿತು. ಹಾಗಾಗಿ ಇನ್ನು ಮುಂದೆ ಹೆಚ್ಚಾಗಿಯೇ ಬಂದೀತು. ಅದರೊಂದಿಗೆ 'ಕ್ರೀಮಿ ಕ್ರ್ಯಾನ್‌ಬೆರಿ ಸಲಾಡ್' ಬೇಕೆಂದು ನಿಮ್ಮನ್ನು ಕೇಳುವವರೂ ಬರುತ್ತಾರೆ.

ಮಾಡಿಕೊಡಿ. ಬೇಡವೆನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಹಣ್ಣು ಎಂಥದು, ಆ ಸಲಾಡಿನೊಳಗಿನ ಲೆಕ್ಕವೇನು ಎಂದು ತಿಳಿದು ಮಾಡಿ.

ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜವುಗು ನೆಲದ ಬಳ್ಳಿ. ಹುಳಿಮಣ್ಣು ಬೇಕು, ಮರಳು ಬೇಕು, ಕೊರೆಯುವ ಚಳಿಗಾಲ ಬೇಕು. ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ 1816ರ ಸುಮಾರಿಗೆ ಹೆನ್ರಿ ಹಾಲ್ ಎಂಬವರು ಅದನ್ನು ತೋಟದ ಬೆಳೆಯಾಗಿ ಬೆಳೆಸಲು ಶುರುಮಾಡಿದರು. ಇಂದು ಆ ದೇಶದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ್ದು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕೊಯ್ಲು. ಹೊಲಕ್ಕೆ ನೀರು ತುಂಬಿಸಿ, ಕಾಯಿ ಉದುರಿಸಿ, ಮೇಲೆ ತೇಲಿದ ಹಣ್ಣನ್ನು ಬಳಿದುಕೊಳ್ಳುತ್ತಾರೆ. ಅವರ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರಿನ ಕ್ರಿಸ್‌ಮಸ್ ಊಟಕ್ಕೆ ಅದು ಹೊಸ ಬೆಳೆಯ ಹಣ್ಣು. ನಮ್ಮ ಯರಿಹೊಲ ಅದಕ್ಕೆ ಒಗ್ಗುವುದಿಲ್ಲ. ಕಪ್ಪುಮಣ್ಣಿನ ಗುಣ ಕ್ಷಾರ, ಮೇಲಾಗಿ ನಮ್ಮ ಬ್ಯಾಸಗಿ 42 ಡಿಗ್ರಿ ದಾಟುವಂಥದ್ದು.

ಹಣ್ಣಿನಲ್ಲಿ ಸಕ್ಕರೆಯ ಅಂಶ ನೂರಕ್ಕೆ 4ರ ಸುಮಾರು, ಅಷ್ಟೇ. ಹುಳಿ ನಿಂಬೆಗೆ ಹತ್ತಿರ, ಜೊತೆಗೆ ಬಾಯಿ ಒಗರಾಗಿಸುವ ಗುಣ. ಹಾಗೇ ಯಾರೂ ತಿನ್ನುವುದಿಲ್ಲ. ಒಣಗಿಸುವ ಮೊದಲು ಸಕ್ಕರೆ ಪಾಕ ಕುಡಿಸುತ್ತಾರೆ, ಆದ್ದರಿಂದ ನಮ್ಮ ಕೈಗೆ ಬರುವ ಒಣ ಪೊಟ್ಟಣದ 100 ಗ್ರಾಮಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಸಕ್ಕರೆಯೇ ಇರುತ್ತದೆ. ಈ ಒಂದು ಮಾತನ್ನು ನೆನಪಿಡಿ. ಹಸಿ ಹಣ್ಣಿಗೆ ಬರೆದ ಅಳತೆಯಲ್ಲಿ ಒಣ ಹಣ್ಣು ಹಾಕಿ ಮತ್ತೆ ಸಕ್ಕರೆ ಸುರಿದರೆ, ಯಾವ ಹುಳಿಗಾಗಿ ದುಡ್ಡು ಕೊಟ್ಟಿರೋ ಆ ಹುಳಿಯೇ ಮುಚ್ಚಿಹೋಗುತ್ತದೆ.

ಅಮೆರಿಕದ ಮನೆಗಳಲ್ಲಿ ಈ ಸಲಾಡ್ ಮಾಡುವ ರೀತಿಯಲ್ಲಿ ಜಾಣತನವಿದೆ. ಹಸಿ ಹಣ್ಣನ್ನು ತರಿತರಿಯಾಗಿ ಅರೆದು, ಸಕ್ಕರೆ ಬೆರೆಸಿ, ರಾತ್ರಿಯಿಡೀ ತಣ್ಣಗೆ ಇಡುತ್ತಾರೆ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಬೆಳಗ್ಗೆ ಆ ರಸ ಸೋಸಿ ತೆಗೆದು, ಉಳಿದ ತಿರುಳಿಗೆ ಅನಾನಸ್, ದ್ರಾಕ್ಷಿ, ಸೇಬು, ಅಕ್ರೋಟು ಸೇರಿಸಿ, ನೊರೆಯೆಬ್ಬಿಸಿದ ಕೆನೆಯಲ್ಲಿ ಮೆಲ್ಲಗೆ ಮಗುಚುತ್ತಾರೆ. ರಸ ತೆಗೆಯದೆ ಕೆನೆಗೆ ಹಾಕಿದರೆ ಗಂಟೆಯೊಳಗೆ ಬಟ್ಟಲಿನ ತಳದಲ್ಲಿ ಗುಲಾಬಿ ನೀರು ನಿಲ್ಲುತ್ತದೆ. ನಮ್ಮ ಲಗ್ನಗಳ ಫ್ರೂಟ್ ಸಲಾಡ್ ಮೂರನೇ ಪಂಕ್ತಿಗೆ ನೀರಾಗುವುದಕ್ಕೂ ಇದೇ ಕಾರಣ. ಹೆಚ್ಚಿದ ಹಣ್ಣಿಗೆ ಸಕ್ಕರೆ ಬೆರೆಸಿ, ಬಿಟ್ಟ ನೀರನ್ನು ಬಸಿಯದೆ ಹಾಗೇ ಕಸ್ಟರ್ಡಿಗೆ ಸುರಿಯುತ್ತೇವೆ.

ಹುಳಿ ಹಣ್ಣಿಗೆ ಕೆನೆ ಹೊಂದಿಸುವುದು ನಮ್ಮ ನಾಡಿಗೆ ಹೊಸದೇ? 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವರು. ಆ ಸೀಮೆಯ ದಾವತ್ತಿನ ಕಿರೀಟ ಖುಬಾನಿ ಕಾ ಮೀಠಾ. ಖುಬಾನಿಯೂ ನಮ್ಮ ನೆಲದ್ದಲ್ಲ, ಉತ್ತರದ ಚಳಿನಾಡುಗಳಿಂದ ಒಣಗಿ ಬಂದ ಹಣ್ಣು. ಅದನ್ನು ರಾತ್ರಿ ನೆನೆಹಾಕಿ, ಬೀಜ ತೆಗೆದು, ಸಣ್ಣ ಉರಿಯಲ್ಲಿ ಸಕ್ಕರೆಯೊಂದಿಗೆ ಬೇಯಿಸಿ, ಹುಳಿ ಪೂರ್ತಿ ಸಾಯದಂತೆ ನೋಡಿಕೊಂಡು, ಬೀಜ ಒಡೆದು ಒಳಗಿನ ಬಾದಾಮಿಯಂಥ ತಿರುಳನ್ನು ಮೇಲೆ ಉದುರಿಸಿ, ಗಟ್ಟಿ ಮಲಾಯಿ ಹಾಕಿ ಕೊಡುತ್ತಾರೆ. ಮಲಾಯಿ ಇಲ್ಲದ ಖುಬಾನಿ ಅರ್ಧ ಅಡುಗೆ. ಹೊರಗಿನಿಂದ ಬಂದ ಹುಳಿ ಹಣ್ಣೊಂದನ್ನು ಇಷ್ಟು ನಮ್ಮದಾಗಿಸಿಕೊಂಡ ಕೈಗಳು ಕ್ರ್ಯಾನ್‌ಬೆರಿಗೆ ಹೆದರಬೇಕಾಗಿಲ್ಲ. ಇನ್ನೊಂದು ಕಡೆ ನಮ್ಮ ಸೀಕರಣಿಯೂ ಇದೆ. ಮಾವಿನಹಣ್ಣು ಇಲ್ಲವೇ ಬಾಳಿಹಣ್ಣು, ಹಾಲು, ಸಕ್ಕರೆ, ಏಲಕ್ಕಿ. ಅದರಲ್ಲಿ ಕೆನೆಯ ತಂಪು ಉಂಟು, ಹುಳಿಯಿಲ್ಲ. ಖುಬಾನಿಯ ಹುಳಿ ಮತ್ತು ಸೀಕರಣಿಯ ತಂಪು ಒಂದೇ ಬಟ್ಟಲಿಗೆ ಬಂದರೆ ನನಗೆ ಬೇಕಾದ ಹಬ್ಬದ ಫ್ರೂಟ್ ಸಲಾಡ್ ಆಗುತ್ತದೆ.

ಆ ಹುಳಿಗೆ ನಮ್ಮಲ್ಲೇ ಒಂದು ಹಣ್ಣಿದೆ: ಕವಳಿ. ಉತ್ತರ ಕರ್ನಾಟಕದ ಕುರುಚಲು ಗುಡ್ಡಗಳಲ್ಲಿ, ಹೊಲದ ಬೇಲಿಗಳಲ್ಲಿ ಬೆಳೆಯುವ ಮುಳ್ಳುಗಿಡ. ನೀರಿಗಾಗಿ ಕಾಡುವುದಿಲ್ಲ, ದನಗಳು ಒಳನುಗ್ಗದಂತೆ ಕಾಯುತ್ತದೆ, ಮೇಲೆ ಹಣ್ಣನ್ನೂ ಕೊಡುತ್ತದೆ. ಕಾಯಿಯಾಗಿದ್ದಾಗ ಉಪ್ಪಿನಕಾಯಿಗೆ ಹೋಗುತ್ತದೆ. ಮಾಗಿದಾಗ ಕೆಂಪಾಗಿ, ಆಮೇಲೆ ಕಪ್ಪಾಗಿ, ಹುಳಿ ಸಿಹಿ ಒಗರು ಮೂರನ್ನೂ ಒಟ್ಟಿಗೆ ಬಾಯಿಗಿಡುತ್ತದೆ. ಬಣ್ಣದಲ್ಲಿ, ಹುಳಿಯಲ್ಲಿ, ಬೇಯಿಸಿದರೆ ತಾನೇ ಗಟ್ಟಿಯಾಗುವ ಗುಣದಲ್ಲಿ ಕ್ರ್ಯಾನ್‌ಬೆರಿಗೆ ಇಷ್ಟು ಹತ್ತಿರದ ಹಣ್ಣು ನಮ್ಮ ಕಡೆ ಮತ್ತೊಂದು ಇಲ್ಲ.

ನೀವು ಸಲಾಡಿನ ಮೇಲೆ ಇಡುವ ಬೇಕರಿಯ ಆ ಕೆಂಪು ಚೆರ್ರಿ ಇದೆಯಲ್ಲ, ನಮ್ಮ ದೇಶದಲ್ಲಿ ಅದು ಬಹುಮಟ್ಟಿಗೆ ಇದೇ ಕವಳಿಕಾಯಿ. ಬೀಜ ತೆಗೆದು, ಬಣ್ಣ ಕಳೆದು, ಸಕ್ಕರೆ ಪಾಕದಲ್ಲಿ ಮುಳುಗಿಸಿ, ಕೃತಕ ಕೆಂಪು ಬಣ್ಣ ಹಾಕಿ ಡಬ್ಬಿಗೆ ತುಂಬಿರುತ್ತಾರೆ. ಹುಳಿಯನ್ನೂ ತನ್ನ ಬಣ್ಣವನ್ನೂ ಕಳೆದುಕೊಂಡು ಬಂದ ಹಣ್ಣಿಗೆ ನಾವು ದುಡ್ಡು ಕೊಡುತ್ತೇವೆ, ಅದೇ ಹಣ್ಣು ಬೇಲಿಯಲ್ಲಿ ಮಾಗಿ ಉದುರಿ ಹೋಗುತ್ತದೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕವಳಿಯ ತೊಂದರೆ ಒಂದೇ, ಕಾಲ. ಅದು ಬ್ಯಾಸಗಿಯ ಕೊನೆಗೆ, ಮಳೆಗಾಲದಲ್ಲಿ ಮಾಗುವ ಹಣ್ಣು. ನಮ್ಮ ಚಳಿಗಾಲದ ಹಬ್ಬಗಳಾದರೋ ಡಿಸೆಂಬರ್, ಜನವರಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತೇವೆ, ಕ್ರಿಸ್‌ಮಸ್ ಇದೆ, ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ. ಆಮೇಲೆ ತಿಂಥಣಿಯ ಮೌನೇಶ್ವರನ ಜಾತ್ರೆ, ಅಲ್ಲಿ ಹಿಂದೂ ಮುಸ್ಲಿಂ ಎಲ್ಲರೂ ಸೇರುತ್ತಾರೆ. ಈ ದಿನಗಳಿಗೆ ಕವಳಿ ಬೇಕೆಂದರೆ ಮಳೆಗಾಲದಲ್ಲೇ ಮುರಬ್ಬಾ ಮಾಡಿಡಬೇಕು. ನಿಮ್ಮಂಥ ಕೈಗಳಿಗೆ ಅದು ದೊಡ್ಡ ಕೆಲಸವಲ್ಲ. ಮಾಗಿದ ಕವಳಿ 1 ಕಿಲೋ ತಂದು, ಉಪ್ಪುನೀರಿನಲ್ಲಿ ಅರ್ಧ ತಾಸು ಬಿಟ್ಟು ತೊಳೆದರೆ ಅಂಟು ಹೋಗುತ್ತದೆ. ಸೀಳಿ ಬೀಜ ತೆಗೆಯಿರಿ. 700 ಗ್ರಾಂ ಸಕ್ಕರೆ ಬೆರೆಸಿ ರಾತ್ರಿ ಇಟ್ಟು, ಬೆಳಗ್ಗೆ ಅದೇ ರಸದಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ, ಪಾಕ ಜೇನಿನಷ್ಟು ಗಟ್ಟಿಯಾದಾಗ ಇಳಿಸಿ. ನೀರು ತಾಗದ ಗಾಜಿನ ಭರಣಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಹಬ್ಬದ ಹೊತ್ತಿಗೆ ಸಿದ್ಧ. ಬಣ್ಣ ಹಾಕಬೇಡಿ. ಹುಳಿ ಇರುವತನಕ ಅದರ ಕೆಂಪು ತಾನಾಗಿಯೇ ಉಳಿಯುತ್ತದೆ.

ಇನ್ನು ಕೆನೆಯ ಮಾತು. ಹುಳಿ ಹಣ್ಣು ಹಾಕಿದರೆ ಹಾಲು ಒಡೆಯುತ್ತದೆ ಎಂಬ ಹೆದರಿಕೆಯಿಂದಲೇ ನಮ್ಮವರು ಫ್ರೂಟ್ ಸಲಾಡಿನಿಂದ ಹುಳಿಯನ್ನು ಹೊರಗಿಟ್ಟರು ಎಂದು ನನಗೆ ಅನ್ನಿಸುತ್ತದೆ. ಹೆದರಿಕೆ ಸುಳ್ಳಲ್ಲ. ಹಾಲಿನ ಹುಳಿ ಒಂದು ಮಟ್ಟ ಮುಟ್ಟಿದ ಕೂಡಲೇ ಅದರ ಪ್ರೋಟೀನು ಗಂಟುಕಟ್ಟುತ್ತದೆ. ಆದರೆ ಮೊಸರು ಆ ಮಟ್ಟವನ್ನು ಮುಟ್ಟಿಯೇ ಮೊಸರಾಗಿರುತ್ತದೆ, ಮತ್ತೆ ಒಡೆಯಲು ಅದರಲ್ಲಿ ಏನೂ ಉಳಿದಿಲ್ಲ. ಶ್ರೀಖಂಡಕ್ಕೆ ಕಟ್ಟುವ ಹಾಗೆ ಎಮ್ಮೆ ಹಾಲಿನ ಮೊಸರನ್ನು ಬಿಳಿ ಅರಿವೆಯಲ್ಲಿ ಕಟ್ಟಿ ತೂಗುಹಾಕಿ. ಐದಾರು ತಾಸಿಗೆ ನೀರು ಇಳಿದು ಬೆಣ್ಣೆಯಂಥ ಗಟ್ಟಿ ಸಿಗುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ನೂರಕ್ಕೆ 6ರಿಂದ 8, ಆಕಳ ಹಾಲಿಗಿಂತ ಒಂದೂವರೆ ಪಟ್ಟಿಗೂ ಮೇಲೆ. ಆ ಕೊಬ್ಬೇ ಹುಳಿಯ ಚುರುಕನ್ನು ತಡೆದು ಮೆತ್ತಗೆ ಮಾಡುವುದು. ಅದಕ್ಕೆ ಮನೆಯ ಕೆನೆ ಒಂದಿಷ್ಟು ಸೇರಿಸಿದರೆ ಸಾಕು, ಅಮೆರಿಕದ ಕೆನೆಯ ಕೆಲಸ ಅದು ಮಾಡುತ್ತದೆ.

ಪೊಟ್ಟಣದ ಫ್ರೆಶ್ ಕ್ರೀಮನ್ನು ಎಷ್ಟು ಹೊತ್ತು ಕಡೆದರೂ ನೊರೆ ನಿಲ್ಲುವುದಿಲ್ಲ ಎಂದು ನೀವು ದೂರುವುದನ್ನು ಕೇಳಿದ್ದೇನೆ. ನಿಮ್ಮ ಕೈಯಲ್ಲಿ ದೋಷವಿಲ್ಲ. ನಮ್ಮ ಅಂಗಡಿಗಳ ಆ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ 25ರ ಸುಮಾರು, ನೊರೆ ನಿಲ್ಲಲು 30ಕ್ಕಿಂತ ಮೇಲಿರಬೇಕು. ಬೇಕರಿಯವರು ಬಳಸುವ ಬಿಳಿ ನೊರೆ ಬಹಳ ಸಲ ಹಾಲಿನದೇ ಅಲ್ಲ, ಸಸ್ಯಜನ್ಯ ಎಣ್ಣೆಯದು. ಪೊಟ್ಟಣದ ಹಿಂಬದಿ ಓದಿ ತನ್ನಿ. ಕಸ್ಟರ್ಡ್ ಪುಡಿಯನ್ನು ನಾನು ಹೀಗಳೆಯಲಾರೆ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಅದನ್ನು ಮಾಡಿದ್ದು ತಮ್ಮ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲವೆಂದು. ಮೊಟ್ಟೆಯಿಲ್ಲದ ಕಾರಣಕ್ಕೇ ಅದು ನಮ್ಮ ಪಂಕ್ತಿಗಳಿಗೂ ಒಪ್ಪಿತು. ಆದರೆ ಅದು ಮೆಕ್ಕೆಜೋಳದ ಹಿಟ್ಟು. ಏಕಾದಶಿಗೆ ಧಾನ್ಯ ಬಿಟ್ಟವರು ಅದನ್ನು ತಿನ್ನುವಂತಿಲ್ಲ, ಕಟ್ಟಿದ ಮೊಸರನ್ನು ತಿನ್ನಬಹುದು.

ಇಪ್ಪತ್ತು ಮಂದಿಗೆ ನಾನು ಕೇಳುವ ಸಲಾಡಿನ ಅಳತೆ ಹೀಗಿದೆ. 2 ಲೀಟರ್ ಮೊಸರು ಕಟ್ಟಿ ಇಳಿಸಿದ ಗಟ್ಟಿ, 200 ಗ್ರಾಂ ಕೆನೆ, 150 ಗ್ರಾಂ ಪುಡಿಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪನ್ನು ಮರೆಯಬೇಡಿ. ಇವನ್ನು ಒಟ್ಟಿಗೆ ಕಡೆದು ತಣ್ಣಗಿಡಿ. ಪಾಕ ಬಸಿದ ಕವಳಿ ಮುರಬ್ಬಾ 300 ಗ್ರಾಂ, ಮೂರು ದಾಳಿಂಬೆಯ ಕಾಳು, ಬೀಜ ತೆಗೆದ ನಾಲ್ಕು ಪೇರಲ, ನಾಲ್ಕು ಸೇಬು, ವಿಜಯಪುರದ ಒಣದ್ರಾಕ್ಷಿ 100 ಗ್ರಾಂ. ಬಾಳಿಹಣ್ಣು ಬಡಿಸುವ ಮೊದಲಷ್ಟೇ ಹೆಚ್ಚಬೇಕು. ಕಲಬುರಗಿ ಕಡೆಯಿಂದ ಕಮಲಾಪುರದ ಕೆಂಪು ಬಾಳಿ ಸಿಕ್ಕರೆ ಬೇರೆ ಯಾವುದೂ ಬೇಡ. ಕೊನೆಗೆ ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಹಿಡಿ. ಅಕ್ರೋಟಿನ ಕೆಲಸ ಶೇಂಗಾ ಮಾಡುತ್ತದೆ, ಆದರೆ ಮುಂಚೆಯೇ ಹಾಕಿದರೆ ಮೆತ್ತಗಾಗಿ ರುಚಿ ಕೆಡುತ್ತದೆ. ಬಸಿದ ಪಾಕವನ್ನು ಚೆಲ್ಲಬೇಡಿ, ತಣ್ಣೀರು ಬೆರೆಸಿದರೆ ಮಕ್ಕಳಿಗೆ ಶರಬತ್ತಾಯಿತು.

ಕ್ರ್ಯಾನ್‌ಬೆರಿಯೇ ಬೇಕೆಂದವರಿಗೆ ಕವಳಿಯ ಜಾಗದಲ್ಲಿ ಒಣ ಹಣ್ಣು 200 ಗ್ರಾಂ ಹಾಕಿ. ಅರ್ಧ ತಾಸು ಮೋಸಂಬಿ ರಸದಲ್ಲಿ ನೆನೆಸಿ ಹಿಂಡಿ, ಪುಡಿಸಕ್ಕರೆಯನ್ನು ಅರ್ಧಕ್ಕಿಳಿಸಿ, ಒಂದು ನಿಂಬೆಹಣ್ಣು ಹಿಂಡಿ. ಒಣ ಹಣ್ಣು ಕಳೆದುಕೊಂಡ ಹುಳಿಯನ್ನು ನಿಂಬೆ ವಾಪಸ್ ತರುತ್ತದೆ.

ಹಸಿ ಅನಾನಸ್, ಪಪ್ಪಾಯಿ, ಅಂಜೂರ ಇದಕ್ಕೆ ಬೇಡ. ಅವುಗಳಲ್ಲಿರುವ ಕಿಣ್ವ ಮೊಸರಿನ ಪ್ರೋಟೀನನ್ನು ಮುರಿದು ಕಹಿ ಮಾಡುತ್ತದೆ. ಅನಾನಸ್ ಬೇಕೇಬೇಕೆಂದರೆ ಸಕ್ಕರೆಯಲ್ಲಿ ಐದು ನಿಮಿಷ ಕುದಿಸಿ ಆರಿಸಿ ಹಾಕಿ. ದೀಪಾವಳಿಯ ಆಸುಪಾಸಿಗಾದರೆ ಗುಡ್ಡದ ಬಂಡೆಗಳ ಸಂದಿಯಿಂದ ಬರುವ ಸೀತಾಫಲವಿದೆ. ಅದರ ತಿರುಳು ತಾನೇ ಕೆನೆ, ಬೆಂಕಿ ತೋರಿಸಬಾರದು, ಕಾಸಿದರೆ ಕಹಿಯಾಗುತ್ತದೆ. ಸಂಕ್ರಾಂತಿಗೆ ಬಾರಿಹಣ್ಣು ಸಿಗುತ್ತದೆ. ಗಟ್ಟಿ ತಿರುಳಿನ ದೊಡ್ಡ ಬಾರಿಯನ್ನು ತೆಳ್ಳಗೆ ಕೊಯ್ದು ಹಾಕಿದರೆ ಸೇಬನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಮೆರಿಕದ ಈ ಸಲಾಡಿಗೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಸಿಹಿಯುಂಡೆ ಹಾಕುವ ರೂಢಿಯಿದೆ. ನೋಡಲು ಚಂದ, ಮಕ್ಕಳು ಆಸೆಪಡುತ್ತಾರೆ, ಈಗ ನಮ್ಮಲ್ಲಿಯೂ ಸಿಗುತ್ತದೆ. ಅದನ್ನು ಸಾಮಾನ್ಯವಾಗಿ ಜೆಲಾಟಿನ್‌ನಿಂದ ಮಾಡುತ್ತಾರೆ. ಜೆಲಾಟಿನ್ ದನದ ಇಲ್ಲವೇ ಹಂದಿಯ ಚರ್ಮ, ಎಲುಬಿನಿಂದ ತೆಗೆದದ್ದು. ಬಣ್ಣಬಣ್ಣದ ಕೆಲವು ಜೆಲ್ಲಿಗಳದ್ದೂ ಇದೇ ಕಥೆ. ಲಿಂಗಾಯತ, ಬ್ರಾಹ್ಮಣ, ಜೈನ ಮನೆಯವರು ತಿನ್ನುವುದಿಲ್ಲ, ಹಲಾಲ್ ಎಂದು ಖಾತ್ರಿಯಾಗದೆ ಮುಸ್ಲಿಮರೂ ತಿನ್ನುವುದಿಲ್ಲ. ಎಲ್ಲರೂ ನಂಬಿ ಕೈ ಚಾಚುವ ಒಂದೇ ಬಟ್ಟಲಿನಲ್ಲಿ, ಹೇಳದೆ ಕೇಳದೆ ಅದನ್ನು ಹಾಕಿದರೆ ನಂಬಿಕೆ ಮುರಿದಂತೆ. ಅಡುಗೆಯವನ ಮೇಲಿನ ನಂಬಿಕೆಯಿಂದಲೇ ಅಲ್ಲವೇ, ನಮ್ಮ ಊರುಗಳಲ್ಲಿ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಉಣ್ಣುವುದು? ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ, ಕಂದು ಗುರುತಿದೆಯೇ ನೋಡಿ. ಅಗರ್‌ನಿಂದ, ಅಂದರೆ ಕಡಲಪಾಚಿಯಿಂದ ಮಾಡಿದ ಜೆಲ್ಲಿಗಳೂ ಸಿಗುತ್ತವೆ. ಸಂಶಯವಿದ್ದರೆ ಬಿಟ್ಟುಬಿಡಿ. ಮೆತ್ತಗೆ ಬಾಯಿಗೆ ಸಿಗುವುದು ಏನಾದರೂ ಬೇಕೆಂದರೆ ಎಳನೀರಿನ ಗಂಜಿ ಹೆಚ್ಚಿ ಹಾಕಿ.

ಬಿಸಿಲಿನ ಲಗ್ನಗಳಿಗೊಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಮಿಯಾನದ ಕೆಳಗೆ ಕೆನೆ ಬೆರೆತ ಹಣ್ಣನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡುವುದು ಜನರ ಹೊಟ್ಟೆಯ ಜೊತೆ ಆಡಿದಂತೆ. ಹಣ್ಣು ಬೇರೆ, ಕಡೆದ ಮೊಸರು ಬೇರೆ ಇಟ್ಟುಕೊಂಡು, ಪಂಕ್ತಿ ಕೂತಂತೆಲ್ಲ ಅಷ್ಟಷ್ಟೇ ಬೆರೆಸಿ. ದೊಡ್ಡ ಪಾತೇಲಿಯನ್ನು ಬರ್ಫಿನ ಪರಾತದಲ್ಲಿ ಕೂರಿಸಿ. ಆ ಬರ್ಫು ಕುಡಿಯುವ ನೀರಿನದಲ್ಲದಿದ್ದರೆ ಒಂದು ಚೂರೂ ಸಲಾಡಿನೊಳಗೆ ಬೀಳದಿರಲಿ. ಪಂಕ್ತಿ ಮುಗಿದ ಮೇಲೆ ಉಳಿದದ್ದನ್ನು ಮುಂದಿನದಕ್ಕೆ ಸೇರಿಸಬೇಡಿ.

ಈ ಸಲದ ಮಳೆಗಾಲದಲ್ಲಿ ಸಂತೆಗೆ ಕವಳಿ ತಂದು ಕೂತ ಮುದುಕಿಯರು ಕಂಡರೆ ಬುಟ್ಟಿಪೂರ್ತಿ ಕೊಂಡುಬಿಡಿ, ದರಕ್ಕೆ ಜಗ್ಗಾಡಬೇಡಿ. ನಿಮ್ಮಲ್ಲಿ ಹೊಲ ಇದ್ದವರು ಬದುವಿಗೆ ನಾಲ್ಕು ಗಿಡ ಹಚ್ಚಿ, ಕೆಲವೇ ವರ್ಷಕ್ಕೆ ಕಾಯಿ ಬಿಡುತ್ತದೆ. ಮುರಬ್ಬಾ ಮಾಡಿದ ಮೇಲೆ ಬರುವ ಎಳ್ಳ ಅಮಾವಾಸ್ಯೆಗೋ ಕ್ರಿಸ್‌ಮಸ್ಸಿಗೋ ಯಾವುದಾದರೂ ಮನೆಯವರು ಅಮೆರಿಕದ ಸಲಾಡ್ ಕೇಳಿದರೆ ಎರಡು ಬಟ್ಟಲು ಮಾಡಿ, ಒಂದರಲ್ಲಿ ಅವರ ಕ್ರ್ಯಾನ್‌ಬೆರಿ, ಇನ್ನೊಂದರಲ್ಲಿ ನಮ್ಮ ಕವಳಿ. ಯಾವುದರಲ್ಲಿ ಏನಿದೆ ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ ಒಂದೊಂದು ಚೀಟಿ ಬರೆದು ಮುಂದಿಡಿ. ಯಾವ ಪಾತೇಲಿ ಮೊದಲು ಖಾಲಿಯಾಯಿತೆಂದು ನನಗೆ ತಿಳಿಸಿ.

ಇತಿ,
ನಿಮ್ಮ ಪಂಕ್ತಿಯಲ್ಲಿ ಉಣ್ಣುವ ಒಬ್ಬ ತಂಗಿ